ಸಂಜೆಯ ಸಂಘ, ಹಗಲಿನ ತರಗತಿ

ಹೊಸಗನ್ನಡ ಸಾಹಿತ್ಯದ ಚರಿತ್ರೆಯನ್ನು ಕೆಲವು ಕಾಲೇಜುಗಳ ಚರಿತ್ರೆಯೆಂದು ಓದಿದರೂ ಹೆಚ್ಚೇನೂ ತಪ್ಪಾಗುವುದಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜಾ ಕಾಲೇಜು, ಧಾರವಾಡದ ಕರ್ನಾಟಕ ಕಾಲೇಜು. ಈ ಮೂರು ಕಟ್ಟಡಗಳನ್ನು ತೆಗೆದುಹಾಕಿದರೆ ನವೋದಯದಿಂದ ನವ್ಯದವರೆಗಿನ ಕಥೆಯಲ್ಲಿ ದೊಡ್ಡ ದೊಡ್ಡ ತೂತುಗಳು ಬೀಳುತ್ತವೆ. ಆದರೆ ಈ ಕಥೆಯನ್ನು ನಾವು ಹೇಳುವಾಗ ಬಳಸುವ ಕ್ರಿಯಾಪದಗಳನ್ನು ಗಮನಿಸಿ. ಬಿ.ಎಂ.ಶ್ರೀ. ದಾರಿ ತೋರಿಸಿದರು, ವೆಂಕಣ್ಣಯ್ಯನವರು ಪ್ರತಿಭೆಯನ್ನು ಗುರುತಿಸಿದರು, ರಾಜರತ್ನಂ ಬೆನ್ನು ತಟ್ಟಿದರು, ಜಿ.ಎಸ್.ಎಸ್. ನೆರಳಾದರು. ಎಲ್ಲ ವಾಕ್ಯಗಳಲ್ಲೂ ಕರ್ತೃ ಅಧ್ಯಾಪಕ, ಕರ್ಮ ವಿದ್ಯಾರ್ಥಿ. ಕೊಡುವವರು ಒಬ್ಬರು, ಪಡೆಯುವವರು ಇನ್ನೊಬ್ಬರು.

ಈ ವ್ಯಾಕರಣದಲ್ಲಿ ಕೃತಜ್ಞತೆ ಇದೆ, ಅದು ಸುಳ್ಳೂ ಅಲ್ಲ. ಆದರೆ ಒಂದು ಮುಖ್ಯ ಸಂಗತಿಯನ್ನು ಅದು ಮರೆಮಾಡುತ್ತದೆ. ಕನ್ನಡವನ್ನು ಕಾಲೇಜಿನಲ್ಲಿ ಕಲಿಯುವ, ಕಲಿಸುವ ವಿಷಯವಾಗಿ ಕಟ್ಟಿದ್ದು ಅಧ್ಯಾಪಕರೂ ವಿದ್ಯಾರ್ಥಿಗಳೂ ಕೂಡಿ ಮಾಡಿದ ಕೆಲಸ. ಆ ಕೂಡುವಿಕೆ ನಡೆದದ್ದಾದರೂ ಎಲ್ಲಿ? ಹೆಚ್ಚಿನ ಮಟ್ಟಿಗೆ ತರಗತಿಯ ಹೊರಗೆ, ಸಂಜೆಯ ಹೊತ್ತು, ಸಂಘದ ಕೋಣೆಯಲ್ಲಿ. ಹಗಲಿನ ತರಗತಿ ಮಾತ್ರ ಬಹುಪಾಲು ಹಾಗೆಯೇ ಉಳಿಯಿತು. ನೂರು ವರ್ಷಗಳ ಈ ಸಹಯೋಗದ ಸಾಧನೆಯನ್ನೂ ಮಿತಿಯನ್ನೂ ಒಟ್ಟಿಗೇ ಓದಬೇಕಾದ ಹೊತ್ತು ಇದು ಎಂಬುದು ಈ ಲೇಖನದ ವಾದ.

ಸಂಘ ಏನು ಮಾಡಿತು?

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾದಾಗ ಕನ್ನಡದ ಸ್ಥಾನ ಏನಿತ್ತು ಎಂಬುದನ್ನು ನೆನೆಯಬೇಕು. ಜ್ಞಾನದ ಭಾಷೆ ಇಂಗ್ಲಿಷು. ಕನ್ನಡದಲ್ಲಿ ಎಂ.ಎ. ಇರಲಿಲ್ಲ, ಅದು ಬಂದದ್ದು 1927ರಲ್ಲಿ. ಇಂಥ ಹೊತ್ತಿನಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕರ್ನಾಟಕ ಸಂಘವನ್ನು ಕಟ್ಟಿ, ಅದರ ಪತ್ರಿಕೆಯಾಗಿ ‘ಪ್ರಬುದ್ಧ ಕರ್ನಾಟಕ’ವನ್ನು ಹೊರಡಿಸಿದರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಅದೇ ಕಾಲೇಜಿನ ಭೌತವಿಜ್ಞಾನದ ಅಧ್ಯಾಪಕ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ನಡೆಸಿದರು. ಒಂದು ಸಾಹಿತ್ಯಕ್ಕೆ, ಇನ್ನೊಂದು ವಿಜ್ಞಾನಕ್ಕೆ. ಎರಡರ ಹಿಂದೆಯೂ ಇದ್ದ ತುರ್ತು ಒಂದೇ: ತರಗತಿಯಲ್ಲಿ ಕನ್ನಡಕ್ಕೆ ಸಿಗದ ಜಾಗವನ್ನು ತರಗತಿಯ ಪಕ್ಕದಲ್ಲಿ ಮಾಡಿಕೊಡುವುದು.

ಸಂಘದ ವಿಶೇಷ ಇದ್ದದ್ದು ಅದರ ಆರ್ಥಿಕತೆಯಲ್ಲಿ. ಪತ್ರಿಕೆಗೆ ಬರೆಯುವವರು ಬೇಕು, ಓದುವವರು ಬೇಕು, ಚಂದಾ ಕೂಡಿಸುವವರು ಬೇಕು, ಕರಡು ತಿದ್ದುವವರು ಬೇಕು. ಇಷ್ಟು ಜನರನ್ನು ಬೆರಳೆಣಿಕೆಯ ಕನ್ನಡ ಅಧ್ಯಾಪಕರು ಎಲ್ಲಿಂದ ತರಬೇಕು? ವಿದ್ಯಾರ್ಥಿಗಳಿಲ್ಲದೆ ಪತ್ರಿಕೆಯೇ ಇಲ್ಲ. ಹಾಗಾಗಿ ಅಧ್ಯಾಪಕರ ಲೇಖನವಿದ್ದ ಸಂಚಿಕೆಯಲ್ಲೇ ವಿದ್ಯಾರ್ಥಿಯ ಕವಿತೆಯೂ ಅಚ್ಚಾಗಬಹುದಿತ್ತು. ಪರೀಕ್ಷೆಯ ಕೋಣೆಯಲ್ಲಿ ಇಬ್ಬರ ನಡುವೆ ಇರುವ ಮೇಜು ಪುಟದ ಮೇಲೆ ಇರಲಿಲ್ಲ. ಇದನ್ನು ನಾವು ಗುರುಕೃಪೆಯ ಕಥೆಯಾಗಿ ಹೇಳುವಾಗ ಅಧ್ಯಾಪಕರಿಗಿದ್ದ ಅಗತ್ಯವನ್ನು ಮರೆಯುತ್ತೇವೆ. ಸಹಯೋಗ ಹುಟ್ಟುವುದು ಬರೀ ಔದಾರ್ಯದಿಂದಲ್ಲ. ಇಬ್ಬರಿಗೂ ಇಬ್ಬರ ಗರಜು ಇದ್ದಾಗ ಅದು ಹುಟ್ಟುತ್ತದೆ.

ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ (1926) ಸಂಕಲನವನ್ನು ಹೊಸ ಛಂದಸ್ಸಿನ, ಹೊಸ ಭಾವಗೀತೆಯ ಹುಟ್ಟು ಎಂದು ವಿಮರ್ಶೆ ಓದಿದೆ. ಅದನ್ನು ಒಬ್ಬ ಮೇಷ್ಟರ ಕೆಲಸವಾಗಿಯೂ ಓದಬಹುದು. ಅವರು ಇಂಗ್ಲಿಷ್ ಪ್ರಾಧ್ಯಾಪಕರು. ಅನುವಾದಿಸಿದ ಬಹುಪಾಲು ಕವಿತೆಗಳು ಅಂದಿನ ಇಂಗ್ಲಿಷ್ ತರಗತಿಗಳಲ್ಲಿ ಬಳಕೆಯಲ್ಲಿದ್ದ ಸಂಕಲನಗಳಲ್ಲಿ ಸಿಗುವಂಥವು. ಅಂದರೆ ಹಗಲಿನಲ್ಲಿ ಇಂಗ್ಲಿಷಿನಲ್ಲಿ ಪಾಠವಾಗುತ್ತಿದ್ದದ್ದು ಕನ್ನಡದ ಹಾಡಾಗಿ ತಿರುಗಿ ಬಂತು. ಒಂದು ಭಾಷೆಯಲ್ಲಿ ಪಾಠ ಕೇಳಿ ಇನ್ನೊಂದರಲ್ಲಿ ಕನಸು ಕಾಣುತ್ತಿದ್ದ ಹುಡುಗರ ಇಕ್ಕಟ್ಟು ಆ ಅನುವಾದಗಳ ಹಿಂದೆ ಕೇಳಿಸುತ್ತದೆ. ಮುಂದಿನ ತಲೆಮಾರಿನ ವಿದ್ಯಾರ್ಥಿಗಳು ಆ ಮಟ್ಟುಗಳನ್ನು ಎತ್ತಿಕೊಂಡು ತಮ್ಮದೇ ಕವಿತೆ ಬರೆದಾಗಲೇ ಆ ಪುಸ್ತಕದ ಕೆಲಸ ಪೂರ್ತಿಯಾದದ್ದು. ಅದನ್ನು ಪ್ರಭಾವ ಎಂದು ಕರೆಯುವುದು ವಾಡಿಕೆ. ಒಬ್ಬರು ಶುರುಮಾಡಿದ್ದನ್ನು ಇನ್ನೊಬ್ಬರು ಮುಗಿಸುವುದಕ್ಕೆ ಸಹಯೋಗ ಎಂಬುದೂ ಒಪ್ಪುವ ಹೆಸರೇ.

ಈ ಪರಂಪರೆ ಮುಂದೆಯೂ ಹರಿಯಿತು. ತಮ್ಮನ್ನು ‘ಸಾಹಿತ್ಯ ಪರಿಚಾರಕ’ ಎಂದು ಕರೆದುಕೊಂಡ ಜಿ.ಪಿ. ರಾಜರತ್ನಂ ವಿದ್ಯಾರ್ಥಿಗಳಿಂದ ಬರೆಸುವುದನ್ನೂ ಅದನ್ನು ಅಚ್ಚುಮಾಡಿಸುವುದನ್ನೂ ತಮ್ಮ ಉದ್ಯೋಗದ ಭಾಗವೆಂದೇ ತಿಳಿದಿದ್ದರು. ಬೆಂಗಳೂರಿನ ಕ್ರೈಸ್ಟ್ ಕಾಲೇಜಿನಲ್ಲಿ ಚಿ. ಶ್ರೀನಿವಾಸರಾಜು ಕನ್ನಡ ಸಂಘವನ್ನು ಒಂದು ಪ್ರಕಾಶನ ಸಂಸ್ಥೆಯ ಮಟ್ಟಕ್ಕೆ ಬೆಳೆಸಿದರು. ಕಡಿಮೆ ಬೆಲೆಯ ಪುಸ್ತಕಗಳು, ಬೇಂದ್ರೆ ಹೆಸರಿನ ಕಾವ್ಯಸ್ಪರ್ಧೆ, ಸ್ಪರ್ಧೆಗೆ ಬಂದ ವಿದ್ಯಾರ್ಥಿ ಕವಿತೆಗಳ ಸಂಕಲನಗಳು. ಎಲ್ಲೋ ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿದ್ದ ಹುಡುಗ ಹುಡುಗಿಯರಿಗೆ ತಮ್ಮ ಹೆಸರನ್ನು ಮೊದಲ ಸಲ ಅಚ್ಚಿನಲ್ಲಿ ಕಾಣುವ ದಾರಿಯೊಂದನ್ನು ಆ ಸಂಘ ತೆರೆಯಿತು. ಕನ್ನಡವೇ ಮನೆಮಾತಲ್ಲದ ಮಕ್ಕಳು ಹೆಚ್ಚಾಗಿರುವ ನಗರದ ಕಾಲೇಜೊಂದರಲ್ಲಿ ಇದು ನಡೆದದ್ದು ಸಣ್ಣ ಮಾತಲ್ಲ.

ನೆನಪುಗಳು ಹೇಳುವುದು, ಹೇಳದಿರುವುದು

ಅಧ್ಯಾಪಕ–ವಿದ್ಯಾರ್ಥಿ ಸಂಬಂಧಕ್ಕೆ ಕನ್ನಡದಲ್ಲಿ ಇರುವ ಅತ್ಯುತ್ತಮ ದಾಖಲೆ ಶಿಕ್ಷಣಶಾಸ್ತ್ರದ ಗ್ರಂಥಗಳಲ್ಲಿಲ್ಲ, ಆತ್ಮಕಥೆಗಳಲ್ಲಿದೆ. ಮೂರನ್ನು ಇಲ್ಲಿ ಎತ್ತಿಕೊಳ್ಳುತ್ತೇನೆ: ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’, ಅನಂತಮೂರ್ತಿಯವರ ‘ಸುರಗಿ’, ಸಿದ್ಧಲಿಂಗಯ್ಯನವರ ‘ಊರುಕೇರಿ’.

ಕುವೆಂಪು ಅವರ ಪ್ರಸಿದ್ಧ ಪ್ರಸಂಗ ಎಲ್ಲರಿಗೂ ಗೊತ್ತು. ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವಿತೆಗಳ ಪುಸ್ತಿಕೆ ತಂದಿದ್ದ ಹುಡುಗ, ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತನ್ನ ಇಂಗ್ಲಿಷ್ ಪದ್ಯಗಳನ್ನು ತೋರಿಸುತ್ತಾನೆ. ನಿನ್ನ ಭಾಷೆಯಲ್ಲಿ ಬರೆ ಎಂದು ಅವರು ಹೇಳುತ್ತಾರೆ. ಇದನ್ನು ದರ್ಶನದ ಕ್ಷಣ ಎಂಬಂತೆ ನಾವು ಹೇಳುತ್ತ ಬಂದಿದ್ದೇವೆ. ನನಗೆ ಇದಕ್ಕಿಂತ ಹೆಚ್ಚು ಮುಖ್ಯವಾಗಿ ಕಾಣುವುದು ಆಮೇಲಿನ ನಿಧಾನದ ವರ್ಷಗಳು. ಕಸಿನ್ಸ್ ಒಂದು ಮಾತು ಹೇಳಿ ಹೊರಟುಹೋದರು. ಮಹಾರಾಜಾ ಕಾಲೇಜಿನಲ್ಲಿ ವೆಂಕಣ್ಣಯ್ಯನವರು ವರ್ಷಗಟ್ಟಲೆ ಜೊತೆಗಿದ್ದರು. ಕವಿತೆಯನ್ನು ಕೇಳುವ ಕಿವಿಯಾಗಿ, ಆಮೇಲೆ ಸಹೋದ್ಯೋಗಿಯಾಗಿ. ಕುವೆಂಪು ಎಂ.ಎ. ಮುಗಿಸಿದ್ದು 1929ರಲ್ಲಿ, ಅದೇ ವರ್ಷ ಅದೇ ಕಾಲೇಜಿನಲ್ಲಿ ಅಧ್ಯಾಪಕರಾದರು. ಡಿ.ಎಲ್. ನರಸಿಂಹಾಚಾರ್ಯರೂ ಆ ಮೊದಲ ತಂಡದವರೇ. ನಿನ್ನೆಯವರೆಗೆ ಬೆಂಚಿನ ಮೇಲಿದ್ದವರು ಇಂದು ವೇದಿಕೆಯ ಮೇಲೆ. ಹೊಸ ವಿಭಾಗಕ್ಕೆ ಕಲಿಸುವವರು ಹೊರಗಿನಿಂದ ಬರುವಂತಿರಲಿಲ್ಲ, ತಾನೇ ಬೆಳೆಸಿಕೊಳ್ಳಬೇಕಿತ್ತು. ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಆಗಲೇ ತೀರಿಕೊಂಡಿದ್ದ ವೆಂಕಣ್ಣಯ್ಯನವರಿಗೆ ಅರ್ಪಿಸಿದ್ದರ ಅರ್ಥ ಇಲ್ಲಿದೆ. ತನ್ನ ಬರವಣಿಗೆಯ ಮೊದಲ ಓದುಗನಿಗೆ, ಕೆಲಸದ ಜೊತೆಗಾರನಿಗೆ ಕವಿ ಲೆಕ್ಕ ಒಪ್ಪಿಸುವ ಪರಿ ಅದು.

ಅನಂತಮೂರ್ತಿಯವರದ್ದು ಇನ್ನೊಂದು ಬಗೆ. ಬರ್ಮಿಂಗ್‌ಹ್ಯಾಮಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗ ಅವರ ಮಾರ್ಗದರ್ಶಕರಾಗಿದ್ದವರು ಕಾದಂಬರಿಕಾರ ಮಾಲ್ಕಂ ಬ್ರಾಡ್‌ಬರಿ. ಇಬ್ಬರೂ ಬರ್ಗ್‌ಮನ್‌ನ ‘ದ ಸೆವೆಂತ್ ಸೀಲ್’ ನೋಡುತ್ತಾರೆ. ಮಧ್ಯಯುಗ ಯೂರೋಪಿನವರಿಗೆ ಪುಸ್ತಕದಿಂದ ಕಟ್ಟಿಕೊಳ್ಳಬೇಕಾದ ಕಾಲ, ಭಾರತದಿಂದ ಬಂದವನಿಗೋ ಅದು ಇನ್ನೂ ಬದುಕಿರುವ ನೆನಪು ಎಂಬ ಮಾತು ಆ ಸಂಜೆಯ ಚರ್ಚೆಯಲ್ಲಿ ಬರುತ್ತದೆ. ‘ಸಂಸ್ಕಾರ’ (1965) ಹುಟ್ಟಿದ್ದು ಆ ಮಾತಿನ ಬೆನ್ನಲ್ಲಿ. ಮಾರ್ಗದರ್ಶಕ ಇಲ್ಲಿ ಮಾಡಿದ್ದೇನು? ಪ್ರಬಂಧದ ಅಧ್ಯಾಯ ತಿದ್ದಿದ್ದಲ್ಲ. ತನಗೆ ಗೊತ್ತಿಲ್ಲದ, ವಿದ್ಯಾರ್ಥಿಗೆ ಗೊತ್ತಿರುವ ಒಂದು ಲೋಕ ಇದೆ ಎಂಬುದನ್ನು ಗಂಭೀರವಾಗಿ ತೆಗೆದುಕೊಂಡದ್ದು. ನಿಗದಿಯಾದ ಪ್ರಬಂಧ ಒಂದು ಕಡೆ, ಅದರ ಪಕ್ಕದಲ್ಲಿ ಹುಟ್ಟಿದ ಕಾದಂಬರಿ ಇನ್ನೊಂದು ಕಡೆ. ಇಂದು ಯಾರಿಗೆ ಯಾವುದು ನೆನಪಿದೆ ಎಂದು ಬೇರೆ ಹೇಳಬೇಕಿಲ್ಲ.

ಈ ಎರಡೂ ಕಥೆಗಳಲ್ಲಿ ಒಂದು ಸಮಾನ ಅಂಶ ಇದೆ. ಎರಡರಲ್ಲೂ ನಿರ್ಣಾಯಕ ಘಟನೆ ನಡೆಯುವುದು ತರಗತಿಯ ಹೊರಗೆ. ಮನೆಯಲ್ಲಿ, ದಾರಿಯಲ್ಲಿ, ಸಿನಿಮಾ ಮಂದಿರದ ಹೊರಗೆ. ತರಗತಿ ಹೇಗಿತ್ತು ಎಂಬ ಬಗ್ಗೆ ನಮ್ಮ ಆತ್ಮಕಥೆಗಳು ಹೇಳುವುದು ಬಹುಮಟ್ಟಿಗೆ ಅಧ್ಯಾಪಕರ ವಾಗ್ಮಿತೆಯನ್ನು. ಅವರು ಹೇಗೆ ಹಾಡಿದರು, ಹೇಗೆ ನಗಿಸಿದರು, ಮಂತ್ರಮುಗ್ಧರನ್ನಾಗಿಸಿದರು. ಮಂತ್ರಮುಗ್ಧ ಎಂಬ ಪದವನ್ನೇ ನೋಡಿ. ಮುಗ್ಧನಾದವನು ಮಾತಾಡುವುದಿಲ್ಲ.

ನಾಲ್ಕನೆಯ ತಲೆಮಾರಿನ ತಿರುವು

ವೆಂಕಣ್ಣಯ್ಯ, ಅವರ ವಿದ್ಯಾರ್ಥಿ ಕುವೆಂಪು, ಕುವೆಂಪು ಮಾರ್ಗದರ್ಶನದಲ್ಲಿ ‘ಸೌಂದರ್ಯ ಸಮೀಕ್ಷೆ’ ಬರೆದ ಜಿ.ಎಸ್. ಶಿವರುದ್ರಪ್ಪ, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಜಿ.ಎಸ್.ಎಸ್. ಅವರ ವಿದ್ಯಾರ್ಥಿ ಸಿದ್ಧಲಿಂಗಯ್ಯ. ನಾಲ್ಕು ತಲೆಮಾರಿನ ಈ ಸರಪಳಿಯನ್ನು ಹೆಮ್ಮೆಯಿಂದ ಹೇಳುವುದು ಸುಲಭ. ಆದರೆ ನಾಲ್ಕನೆಯ ಕೊಂಡಿಯಲ್ಲಿ ಏನೋ ಬದಲಾಗುತ್ತದೆ.

‘ಊರುಕೇರಿ’ಯನ್ನು ಓದಿದವರಿಗೆ ಅದರ ನಗು ನೆನಪಿರುತ್ತದೆ. ಹಾಸ್ಟೆಲಿನ ಬದುಕು, ಚರ್ಚಾಸ್ಪರ್ಧೆಗಳು, ಡಿ.ಆರ್. ನಾಗರಾಜ್ ಜೊತೆಗಿನ ಗೆಳೆತನ, ಸ್ಮಶಾನದಲ್ಲಿ ಕಳೆದ ಹೊತ್ತುಗಳು. ಈ ಕಥನದಲ್ಲಿ ಕಲಿಕೆಯ ಕೇಂದ್ರ ಕಾಲೇಜಿನ ಸಂಘವಲ್ಲ, ಹಾಸ್ಟೆಲು. ಹಿರಿಯ ಅಧ್ಯಾಪಕರ ಪ್ರೀತಿಗೆ ಇಲ್ಲಿ ಜಾಗವಿದೆ, ಆದರೆ ವಿದ್ಯಾರ್ಥಿ ಅದಕ್ಕಾಗಿ ಕಾದು ಕೂತಿಲ್ಲ. ಅವನು ಆಗಲೇ ಇನ್ನೊಂದು ಜ್ಞಾನದ ಒಡೆಯ. ‘ಹೊಲೆಮಾದಿಗರ ಹಾಡು’ (1975) ವಿದ್ಯಾರ್ಥಿದೆಸೆಯ ಪುಸ್ತಕ. ಅದಕ್ಕೆ ಒಂದೆರಡು ವರ್ಷ ಹಿಂದೆ, 1973ರ ನವೆಂಬರಿನಲ್ಲಿ, ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದದ್ದಕ್ಕೆ ಕಾಲೇಜು, ಹಾಸ್ಟೆಲುಗಳೇ ರಣರಂಗವಾಗಿದ್ದವು. ನಾವು ಇದನ್ನು ದಲಿತ ಚಳವಳಿಯ ಆರಂಭದ ಘಟನೆಯಾಗಿ ಓದುತ್ತೇವೆ. ಅದು ಪಠ್ಯಕ್ರಮದ ಬಗೆಗಿನ ಜಗಳವೂ ಆಗಿತ್ತು. ನಮಗೆ ಕಲಿಸುತ್ತಿರುವ ಸಾಹಿತ್ಯದಲ್ಲಿ ನಾವೆಲ್ಲಿದ್ದೇವೆ ಎಂಬ ಪ್ರಶ್ನೆಯನ್ನು ಬೆಂಚುಗಳ ಕಡೆಯಿಂದ ಎತ್ತಲಾಗಿತ್ತು. ಅದಕ್ಕೆ ಉತ್ತರ ಸಂಘದ ಕೋಣೆಯಲ್ಲಿ ಇರಲಿಲ್ಲ.

ಮುಂದೆ ಸಿದ್ಧಲಿಂಗಯ್ಯನವರು ಗ್ರಾಮದೇವತೆಗಳ ಮೇಲೆ ಪಿಎಚ್.ಡಿ. ಮಾಡಿದರು. ಕೇರಿಯ ಜ್ಞಾನ ವಿಶ್ವವಿದ್ಯಾಲಯದ ಜ್ಞಾನವಾಯಿತು. ಮೈಸೂರಿನಲ್ಲಿ ವಿಜಯಾ ದಬ್ಬೆಯವರು ಕನ್ನಡ ಅಧ್ಯಯನ ಸಂಸ್ಥೆಯಲ್ಲಿ ಪಾಠ ಹೇಳುತ್ತಲೇ ಸಮತಾ ವೇದಿಕೆಯಂಥ ಮಹಿಳಾ ಸಂಘಟನೆಯಲ್ಲಿ ತೊಡಗಿಕೊಂಡರು. ಹೆಣ್ಣಿನ ದೃಷ್ಟಿಯಿಂದ ಸಾಹಿತ್ಯ ಚರಿತ್ರೆಯನ್ನು ಓದುವ ಅವರ ಬರವಣಿಗೆಯನ್ನು ಆ ಒಡನಾಟದಿಂದ ಬೇರ್ಪಡಿಸಿ ನೋಡಲಾಗದು. ಎರಡೂ ಕಡೆ ತಿಳಿವಿನ ಹರಿವು ತಿರುಗಿತು. ಹೊರಗಿನಿಂದ ಬಂದವರು ತಾವು ತಂದದ್ದನ್ನು ಒಳಗೆ ಇಟ್ಟರು. ವಿಭಾಗಗಳು ತಡವಾಗಿಯಾದರೂ ಅದನ್ನು ಕಲಿತವು. ಹೀಗೆ ನೋಡಿದರೆ ಕಳೆದ ಐವತ್ತು ವರ್ಷಗಳಲ್ಲಿ ಕನ್ನಡ ವಿಭಾಗಗಳಿಗೆ ಹೊಸದನ್ನು ಕಲಿಸಿದವರಲ್ಲಿ ವಿದ್ಯಾರ್ಥಿಗಳು ಮುಂಚೂಣಿಯಲ್ಲಿದ್ದಾರೆ. ಆದರೆ ಅವರನ್ನು ಕಲಿಸಿದವರು ಎಂದು ನಮ್ಮ ಯಾವ ವಾಕ್ಯವೂ ಕರೆಯುವುದಿಲ್ಲ.

ಐದು ಗಂಟೆಯ ಬಸ್ಸು

ಈಗ ಮಿತಿಯ ಮಾತು. ಸಂಘ ಸಂಜೆಯ ಸಂಸ್ಥೆ. ತರಗತಿ ಮುಗಿದ ಮೇಲೆ ಉಳಿಯಬಲ್ಲವರಿಗಾಗಿ ಅದು ಇತ್ತು. ಊರಿನಲ್ಲೇ ಮನೆಯಿದ್ದವರು, ಹಾಸ್ಟೆಲಿನಲ್ಲಿ ಸೀಟು ಸಿಕ್ಕಿದವರು, ಸಂಜೆ ದುಡಿಯಬೇಕಿಲ್ಲದವರು, ಕತ್ತಲಾದ ಮೇಲೆ ಮನೆ ಸೇರಿದರೆ ಯಾರೂ ಕೇಳದವರು. ನೂರು ವರ್ಷದ ಹಿಂದಿನ ಕಾಲೇಜಿನಲ್ಲಿ ಇಂಥವರೇ ಹೆಚ್ಚು, ಯಾಕೆಂದರೆ ಕಾಲೇಜಿಗೆ ಬರುತ್ತಿದ್ದವರೇ ಅವರು.

ಇವತ್ತಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜನ್ನು ನೋಡಿ. ಸುತ್ತಲ ಹಳ್ಳಿಗಳಿಂದ ಬೆಳಿಗ್ಗೆ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಗಳು, ಅವರಲ್ಲಿ ದೊಡ್ಡ ಪಾಲು ಹುಡುಗಿಯರು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಅವರಿಗೆ ಪ್ರಯಾಣ ಉಚಿತ. ಟಿಕೆಟ್ಟಿನ ಹಣ ಉಳಿಯಿತು. ಕೊನೆಯ ಬಸ್ಸಿನ ಹೊತ್ತು ಬದಲಾಗಲಿಲ್ಲ. ಐದು ಗಂಟೆಯ ಬಸ್ಸು ತಪ್ಪಿದರೆ ಮನೆಯಲ್ಲಿ ಕಾಲೇಜೇ ತಪ್ಪಬಹುದು. ಹುಡುಗರಲ್ಲಿ ಎಷ್ಟೋ ಜನ ಸಂಜೆ ಮೊಬೈಲ್ ಅಂಗಡಿಯಲ್ಲೋ ಡೆಲಿವರಿ ಬೈಕಿನ ಮೇಲೋ ಇರುತ್ತಾರೆ. ಇನ್ನು ಪಾಠ ಹೇಳುವವರಲ್ಲಿ ಬಹಳ ಮಂದಿ ಅತಿಥಿ ಉಪನ್ಯಾಸಕರು; ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇವೆಯೇ ಎಂಬುದು ಅವರಿಗೇ ಗೊತ್ತಿಲ್ಲ. ವೆಂಕಣ್ಣಯ್ಯ–ಕುವೆಂಪು ಸಂಬಂಧಕ್ಕೆ ಬೇಕಾದ ಮುಖ್ಯ ಸಾಮಗ್ರಿ ಕಾಲ. ಅದು ಎರಡೂ ಕಡೆ ಇಲ್ಲ.

ಪದವಿಯ ಚೌಕಟ್ಟೇ ಅಲುಗಾಡುತ್ತಿದೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಎರಡು ಸಲವೂ ಪಠ್ಯ ಬದಲಾಯಿತು. ಎರಡು ಸಲವೂ ಆ ಪಠ್ಯವನ್ನು ಓದಬೇಕಾದವರನ್ನು ಕೂರಿಸಿಕೊಂಡು ಮಾತಾಡುವ ಪದ್ಧತಿ ಕಾಣಲಿಲ್ಲ. ವಿದ್ಯಾರ್ಥಿಯ ಅಭಿಪ್ರಾಯ ಕೇಳುವುದೇ ಇಲ್ಲ ಎನ್ನಲಾಗದು. ನ್ಯಾಕ್ ಮೌಲ್ಯಮಾಪನದಲ್ಲಿ ವಿದ್ಯಾರ್ಥಿ ತೃಪ್ತಿಯ ಸಮೀಕ್ಷೆ ಇದೆ, ಕಾಲೇಜುಗಳಲ್ಲಿ ಅಭಿಪ್ರಾಯದ ನಮೂನೆಗಳಿವೆ. ಆದರೆ ತೃಪ್ತಿ ಎಂಬುದು ಗಿರಾಕಿಯನ್ನು ಕೇಳುವ ಪ್ರಶ್ನೆ. ಹೋಟೆಲಿನಿಂದ ಹೊರಡುವಾಗ ಕೊಡುವ ಚೀಟಿಯ ಹಾಗೆ, ಎಲ್ಲ ಮುಗಿದ ಮೇಲೆ ಗುರುತು ಹಾಕಿ ಎದ್ದು ಹೋಗುವುದು. ಪದ್ಯದ ಮೂರನೆಯ ಚರಣದಲ್ಲಿ ತರಗತಿ ಎಲ್ಲಿ ಕಳೆದುಹೋಯಿತು, ಯಾಕೆ ಕಳೆದುಹೋಯಿತು ಎಂಬುದು ಅಂಕದಲ್ಲಿ ಹೇಳಲಾಗುವ ವಿಷಯವಲ್ಲ.

ತರಗತಿಯ ಒಳಗೆ ಬಂದರೆ

ತರಗತಿಯ ಒಳಗೇ ಸಹಯೋಗ ಸಾಧ್ಯವೇ ಎಂದು ಕೇಳುವವರಿಗೆ ಒಂದು ದೂರದ ಉದಾಹರಣೆ ಉಪಯೋಗವಾಗಬಹುದು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಬ್ರಿನ್ ಮಾರ್ ಮತ್ತು ಹ್ಯಾವರ್‌ಫರ್ಡ್ ಎಂಬ ಸಣ್ಣ ಕಾಲೇಜುಗಳಲ್ಲಿ ಆಲಿಸನ್ ಕುಕ್-ಸೇದರ್ ಎಂಬ ಶಿಕ್ಷಣತಜ್ಞೆ ಸುಮಾರು ಎರಡು ದಶಕಗಳಿಂದ ಒಂದು ಕಾರ್ಯಕ್ರಮವನ್ನು ನಡೆಸಿಕೊಂಡು ಬಂದಿದ್ದಾರೆ. ಒಬ್ಬ ಅಧ್ಯಾಪಕರ ಜೊತೆ ಒಬ್ಬ ಪದವಿ ವಿದ್ಯಾರ್ಥಿ ಜೋಡಿಯಾಗುತ್ತಾರೆ. ಆ ವಿದ್ಯಾರ್ಥಿ ಆ ಕೋರ್ಸಿಗೆ ಸೇರಿದವರಲ್ಲ, ಹಾಗಾಗಿ ಅಂಕದ ಭಯವಿಲ್ಲ. ವಾರಕ್ಕೊಂದು ತರಗತಿಯಲ್ಲಿ ಕೂತು ಏನು ನಡೆಯಿತು ಎಂದು ವಿವರವಾಗಿ ಬರೆದುಕೊಳ್ಳುತ್ತಾರೆ. ಯಾರು ಮಾತಾಡಿದರು, ಯಾರು ಸುಮ್ಮನಿದ್ದರು, ಪ್ರಶ್ನೆ ಕೇಳಿದ ಮೇಲೆ ಅಧ್ಯಾಪಕರು ಎಷ್ಟು ಹೊತ್ತು ಕಾದರು. ವಾರಕ್ಕೊಮ್ಮೆ ಇಬ್ಬರೂ ಕೂತು ಅದರ ಮೇಲೆ ಮಾತಾಡುತ್ತಾರೆ. ಈ ಕೆಲಸಕ್ಕೆ ವಿದ್ಯಾರ್ಥಿಗೆ ಸಂಬಳವಿದೆ. ಕುಕ್-ಸೇದರ್ ಇನ್ನಿಬ್ಬರೊಡನೆ ಸೇರಿ 2014ರಲ್ಲಿ ಪ್ರಕಟಿಸಿದ ಪುಸ್ತಕ ಇದಕ್ಕೆ ಮೂರು ಆಧಾರಗಳನ್ನು ಹೇಳುತ್ತದೆ: ಗೌರವ, ಕೊಡುಕೊಳೆ, ಹಂಚಿಕೊಂಡ ಹೊಣೆ. ಇಬ್ಬರೂ ಒಂದೇ ಬಗೆಯಲ್ಲಿ ಕೊಡಬೇಕೆಂದಿಲ್ಲ, ಆದರೆ ಇಬ್ಬರಿಗೂ ಕೊಡುವ ಅವಕಾಶ ಸಮನಾಗಿರಬೇಕು ಎಂಬುದು ಅದರ ತಿರುಳು.

ಇದನ್ನು ಎತ್ತಿ ತಂದು ಇಲ್ಲಿ ನೆಡಬೇಕೆಂದು ನಾನು ಹೇಳುತ್ತಿಲ್ಲ. ಅದು ಹಣವಿರುವ, ಚಿಕ್ಕ ತರಗತಿಗಳ ಕಾಲೇಜುಗಳ ವ್ಯವಸ್ಥೆ. ಎಂಬತ್ತು ಜನರ ತರಗತಿಯಲ್ಲಿ, ಹಾಜರಿ ಹಿಡಿಯುವುದರಲ್ಲೇ ಹತ್ತು ನಿಮಿಷ ಹೋಗುವಲ್ಲಿ, ಅದು ಹಾಗೆಯೇ ಬೇರೂರದು. ಆದರೆ ಎರಡು ಅಂಶಗಳನ್ನು ಕಲಿಯಬಹುದು. ಒಂದು, ಸಹಯೋಗವನ್ನು ವೇಳಾಪಟ್ಟಿಯ ಒಳಗೆ ಇಡಬೇಕು, ಸಂಜೆಗೆ ತಳ್ಳಬಾರದು. ಎರಡು, ವಿದ್ಯಾರ್ಥಿಯ ಕೆಲಸಕ್ಕೆ ಬೆಲೆ ಇರಬೇಕು. ಸಂಬಳ ಕೊಡಲಾಗದಿದ್ದರೆ ಆಂತರಿಕ ಅಂಕ ಇದೆ, ಅಚ್ಚಿನಲ್ಲಿ ಹೆಸರು ಇದೆ.

ಸಾಹಿತ್ಯದ ತರಗತಿಗಂತೂ ಇದಕ್ಕೆ ತನ್ನದೇ ದಾರಿಯಿದೆ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯನ್ನು ತೆಗೆದುಕೊಳ್ಳಿ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕಾದಂಬರಿ ಓದಲು ಕಷ್ಟ ಎಂಬ ದೂರು ಮೊದಲಿನಿಂದಲೂ ಇದೆ. ಯಾರಿಗೆ ಕಷ್ಟ? ನಂಜನಗೂಡು, ಚಾಮರಾಜನಗರದ ಕಡೆಯ ಮಾತು ಅದರ ಉಸಿರು. ಧಾರವಾಡದಿಂದಲೋ ಕಲಬುರಗಿಯಿಂದಲೋ ಬಂದ ಪ್ರಾಧ್ಯಾಪಕರು ನಿಘಂಟು ಹುಡುಕುವಲ್ಲಿ, ಮೂರನೆಯ ಬೆಂಚಿನ ಹುಡುಗಿ ಅದನ್ನು ತನ್ನ ಅಜ್ಜಿಯ ದನಿಯಲ್ಲಿ ಓದಿಬಿಡಬಲ್ಲಳು. ಆ ಕ್ಷಣದಲ್ಲಿ ತರಗತಿಯಲ್ಲಿ ಇಬ್ಬರು ಮೇಷ್ಟರಿರುತ್ತಾರೆ. ಒಬ್ಬರಿಗೆ ಕಥನತಂತ್ರ, ಕಾವ್ಯಮೀಮಾಂಸೆ ಗೊತ್ತು. ಇನ್ನೊಬ್ಬಳಿಗೆ ಆ ಮಾತಿನ ಲಯ, ಆ ಬೈಗುಳದ ತೂಕ ಗೊತ್ತು. ಕಾದಂಬರಿ ತೆರೆದುಕೊಳ್ಳಬೇಕಾದರೆ ಎರಡೂ ಬೇಕು. ಇದೇ ಪುಸ್ತಕ ಕಲಬುರಗಿಯ ತರಗತಿಗೆ ಹೋದರೆ ಲೆಕ್ಕ ಬೇರೆಯಾಗುತ್ತದೆ. ಅಲ್ಲಿನ ವಿದ್ಯಾರ್ಥಿಗಳ ಬಲ ತತ್ವಪದದಲ್ಲಿ, ವಚನದಲ್ಲಿ ಕಂಡೀತು.

ಈ ಕಾದಂಬರಿಯ ವಿಷಯದಲ್ಲೇ ಒಂದು ಅಪೂರ್ವ ಸಂಗತಿ ನಡೆದಿದೆ. ಹಳಗನ್ನಡ ಕಾವ್ಯಗಳ ಸಂಪಾದನೆಯಲ್ಲಿ ಬಾಳು ಸವೆಸಿದ ಪ್ರಾಧ್ಯಾಪಕ ಎಲ್. ಬಸವರಾಜು ಅವರು ‘ಕುಸುಮಬಾಲೆ’ಯ ಗದ್ಯವನ್ನು ಪದ್ಯದ ಸಾಲುಗಳಾಗಿ ಬಿಡಿಸಿಟ್ಟರು. ಅವರು ಹುಟ್ಟಿದ್ದು 1919ರಲ್ಲಿ, ಮಹಾದೇವ 1948ರಲ್ಲಿ. ಪಂಪನಿಗೆ ಮಾಡುವ ಸೇವೆಯನ್ನು ಒಬ್ಬ ಹಿರಿಯ ವಿದ್ವಾಂಸ ತನಗಿಂತ ಸುಮಾರು ಮೂವತ್ತು ವರ್ಷ ಕಿರಿಯನಾದ ಲೇಖಕನ ಕೃತಿಗೆ ಮಾಡಿದರು. ಸಾಲು ಎಲ್ಲಿ ಒಡೆಯುತ್ತದೆ, ಉಸಿರು ಎಲ್ಲಿ ನಿಲ್ಲುತ್ತದೆ ಎಂದು ಕಿವಿಗೊಟ್ಟು ಕೇಳಿದರು. ಕಲಿಸುವವನು ಕಲಿಯುವವನಾಗುವುದು ಎಂದರೆ ಅಧಿಕಾರ ಬಿಟ್ಟುಕೊಡುವುದಲ್ಲ. ತನ್ನ ಪೂರ್ತಿ ಪಾಂಡಿತ್ಯವನ್ನು ಹೊಸದೊಂದರ ಸೇವೆಗೆ ಹಚ್ಚುವುದು. ಇದು ಒಂದು ಪುಸ್ತಕದಲ್ಲಿ ಆಗಬಹುದಾದರೆ ಒಂದು ಸೆಮಿಸ್ಟರಿನಲ್ಲಿ ಯಾಕೆ ಆಗಬಾರದು? ವರ್ಷಕ್ಕೊಂದು ಕೃತಿಗೆ ವಿದ್ಯಾರ್ಥಿಗಳೂ ಅಧ್ಯಾಪಕರೂ ಕೂಡಿ ಅರ್ಥಕೋಶ ಸಿದ್ಧಪಡಿಸುವುದು, ಟಿಪ್ಪಣಿ ಬರೆಯುವುದು, ಪ್ರಶ್ನೆಪತ್ರಿಕೆಯ ಒಂದು ಭಾಗವನ್ನು ತರಗತಿಯೇ ರೂಪಿಸುವುದು. ಇದಕ್ಕೆಲ್ಲ ಹೆಚ್ಚಿನ ಹಣ ಬೇಡ, ಐದು ಗಂಟೆಯ ನಂತರದ ಹೊತ್ತೂ ಬೇಡ. ಗೈಡುಗಳ ಮಾರುಕಟ್ಟೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಕಾಣದು. ತಾನೇ ಕೂಡಿ ಬರೆದ ಟಿಪ್ಪಣಿಯನ್ನು ವಿದ್ಯಾರ್ಥಿ ಯಾಕೆ ಕೊಂಡುಕೊಳ್ಳಬೇಕು?

ಯಾರ ಹೆಸರು ಎಲ್ಲಿ

ಸಹಯೋಗ ಎಂಬ ಮಾತಿಗೆ ಅಪಾಯಗಳೂ ಇವೆ. ವಿಚಾರಸಂಕಿರಣದ ದಿನ ಕುರ್ಚಿ ಜೋಡಿಸುವುದು, ಪ್ರಮಾಣಪತ್ರಗಳಲ್ಲಿ ಹೆಸರು ತುಂಬುವುದು, ಅಧ್ಯಾಪಕರ ಪುಸ್ತಕಕ್ಕೆ ಡಿ.ಟಿ.ಪಿ. ಮಾಡಿಕೊಡುವುದು, ಇವೆಲ್ಲ ನಮ್ಮ ವಿಭಾಗಗಳಲ್ಲಿ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆ ಎಂಬ ಹೆಸರಿನಲ್ಲೇ ನಡೆಯುತ್ತವೆ. ಕೂಡಿ ಮಾಡಿದ ಕೆಲಸಕ್ಕೂ ಬಿಟ್ಟಿ ದುಡಿಮೆಗೂ ವ್ಯತ್ಯಾಸ ತಿಳಿಯಲು ಒಂದು ಸರಳ ಪರೀಕ್ಷೆ ಇದೆ: ಏನು ಮಾಡಬೇಕು ಎಂದು ತೀರ್ಮಾನಿಸುವಾಗ ವಿದ್ಯಾರ್ಥಿ ಕೋಣೆಯಲ್ಲಿದ್ದರೇ, ಮುಗಿದ ಮೇಲೆ ಅವರ ಹೆಸರು ಅಚ್ಚಿನಲ್ಲಿದೆಯೇ?

ಸಂಶೋಧನಾ ವಿದ್ಯಾರ್ಥಿಯ ಸ್ಥಾನ ಇಲ್ಲಿ ವಿಚಿತ್ರವಾದದ್ದು. ಬೆಳಿಗ್ಗೆ ಪದವಿ ತರಗತಿಗೆ ಪಾಠ ಹೇಳಿ ಮಧ್ಯಾಹ್ನ ಮಾರ್ಗದರ್ಶಕರ ಕೋಣೆಯ ಹೊರಗೆ ಕಾಯುವ ನನ್ನಂಥವರು ಮೇಜಿನ ಎರಡೂ ಬದಿಗಳನ್ನು ಒಂದೇ ದಿನದಲ್ಲಿ ನೋಡುತ್ತೇವೆ. ಅದಕ್ಕೇ ಇರಬೇಕು, ಮಹಾಪ್ರಬಂಧಗಳಲ್ಲಿ 'ಕೃತಜ್ಞತೆಗಳು' ಎಂಬ ಪುಟ ನನಗೆ ಒಂದು ಸಾಹಿತ್ಯ ಪ್ರಕಾರವಾಗಿಯೇ ಕಾಣುತ್ತದೆ. ಅದರ ಭಾಷೆ ಬಹುಮಟ್ಟಿಗೆ ಒಂದೇ ಅಚ್ಚಿನದು. ತಿದ್ದಿ ತೀಡಿದ ಗುರುಗಳಿಗೆ, ಬೆಳಕು ತೋರಿದ ಪೂಜ್ಯರಿಗೆ ನಮನ. ಈ ಪುಟಕ್ಕೆ ಎದುರಾಗಿ ಇಡಬಹುದಾದ ಇನ್ನೊಂದು ಪುಟವನ್ನು ನಾನು ಹುಡುಕುತ್ತಿರುತ್ತೇನೆ: ಅಧ್ಯಾಪಕರ ಪುಸ್ತಕದ ಮುನ್ನುಡಿಯಲ್ಲಿ, ಈ ಅಧ್ಯಾಯದ ವಾದ ಇಂಥ ವರ್ಷದ ತರಗತಿಯಲ್ಲಿ ಇಂಥ ವಿದ್ಯಾರ್ಥಿ ಕೇಳಿದ ಪ್ರಶ್ನೆಯಿಂದ ಹುಟ್ಟಿತು ಎಂಬ ಒಂದು ಸಾಲು. ಅದು ಸಿಗುವುದು ಅಪರೂಪ. ಪ್ರಶ್ನೆಗಳು ಹುಟ್ಟುತ್ತಿಲ್ಲ ಎಂದಲ್ಲ. ಹುಟ್ಟಿದ ಪ್ರಶ್ನೆಗೆ ಒಡೆತನ ದಾಖಲಿಸುವ ಅಭ್ಯಾಸ ನಮ್ಮಲ್ಲಿ ಬೆಳೆದಿಲ್ಲ.

ಕೃಷ್ಣಶಾಸ್ತ್ರಿಗಳ ಕಾಲದಲ್ಲಿ ಹಗಲಿನ ತರಗತಿ ಇಂಗ್ಲಿಷಿನ ಕೈಯಲ್ಲಿತ್ತು. ಕನ್ನಡಕ್ಕೆ ಸಂಜೆಯೇ ಗತಿ, ಹಾಗಾಗಿ ಸಂಘ ಸಂಜೆಗೆ ಹೋದದ್ದರಲ್ಲಿ ಅರ್ಥವಿತ್ತು. ಈಗ ಹಗಲಿನ ತರಗತಿ ಕನ್ನಡದ್ದೇ. ವೇದಿಕೆಯೂ ನಮ್ಮದು, ಬೆಂಚೂ ನಮ್ಮದು. ಆದರೂ ಕೂಡಿ ಮಾಡುವ ಕೆಲಸವನ್ನು ಇನ್ನೂ ಸಂಜೆಗೇ ಬಿಟ್ಟಿದ್ದೇವೆ ಮತ್ತು ಸಂಜೆಗೆ ಉಳಿಯಲಾಗದವರನ್ನು ಆಸಕ್ತಿ ಇಲ್ಲದವರು ಎಂದು ಕರೆಯುತ್ತಿದ್ದೇವೆ. ಹಳೆಯ ಸಂಘದ ಪರಂಪರೆಗೆ ನಿಷ್ಠರಾಗಿರಲು ಶತಮಾನೋತ್ಸವದ ಭಾಷಣಗಳಿಗಿಂತ ಸುಲಭದ ದಾರಿಯೊಂದಿದೆ. ಬೆಳಿಗ್ಗೆ ಹನ್ನೊಂದರ ತರಗತಿಯಲ್ಲಿ ಪುಸ್ತಕ ತೆರೆದು, ಈ ಪುಟ ನನಗೂ ಪೂರ್ತಿ ಬಿಡಿಸಿಲ್ಲ, ನಿಮಗೆ ಏನು ಕೇಳಿಸುತ್ತದೆ ಹೇಳಿ ಎಂದು ಕೇಳುವುದು. ಕೇಳಿ, ಉತ್ತರಕ್ಕೆ ಸ್ವಲ್ಪ ಹೊತ್ತು ಕಾಯುವುದು.